ವಿಲೀನವೋ ಒಪ್ಪಂದವೋ: ನಗರದಂಚಿನ ಪಂಚಾಯಿತಿಯಲ್ಲಿ ನನ್ನ ಅನುಭವ

ಕೋಲಾರ ನಗರಕ್ಕೆ ಹೊಂದಿಕೊಂಡ ಗ್ರಾಮ ಪಂಚಾಯಿತಿಯೊಂದರಲ್ಲಿ ನಾನು ಅಭಿವೃದ್ಧಿ ಅಧಿಕಾರಿಯಾಗಿದ್ದಾಗ, ನಮ್ಮ ಹಳ್ಳಿಗಳನ್ನು ನಗರಸಭೆಗೆ ಸೇರಿಸಬೇಕೆಂಬ ಬೇಡಿಕೆ ಗ್ರಾಮಸಭೆಯ ಮುಂದೆ ಬಂತು. ಹೊಸ ಬಡಾವಣೆಗಳವರು ಒಳಚರಂಡಿಯ ಆಸೆಯಿಂದ ಸೇರಲು ಸಿದ್ಧರಿದ್ದರು. ಹಳೆಯ ಊರಿನವರು ಕಂದಾಯ ಏರುತ್ತದೆ, ನರೇಗಾ ಕೆಲಸ ತಪ್ಪುತ್ತದೆ ಎಂದು ಒಪ್ಪಲಿಲ್ಲ. ಎರಡೂ ಮಾತಿನಲ್ಲಿ ಹುರುಳಿತ್ತು.

ಅಂತಿಮ ತೀರ್ಮಾನ ಪಂಚಾಯಿತಿಯದಲ್ಲ. ಸಂವಿಧಾನದ 243ಕ್ಯೂ ವಿಧಿಯಂತೆ ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ ಮುಂತಾದವನ್ನು ನೋಡಿ ನಗರ ಪ್ರದೇಶವನ್ನು ಅಧಿಸೂಚಿಸಲಾಗುತ್ತದೆ. ಆದರೂ ನಮ್ಮ ಅಭಿಪ್ರಾಯವನ್ನು ಲೆಕ್ಕಾಚಾರದೊಂದಿಗೆ ಕೊಡಬೇಕೆಂದು, ನೀರು, ಕಸ, ಒಳಚರಂಡಿ, ಖಾತೆ, ಪ್ರಾತಿನಿಧ್ಯ ಇವನ್ನು ಒಂದೊಂದಾಗಿ ಎತ್ತಿಕೊಂಡು, ಯಾವುದಕ್ಕೆ ಒಪ್ಪಂದ ಸಾಕು, ಯಾವುದಕ್ಕೆ ಆಡಳಿತವೇ ಒಂದಾಗಬೇಕು ಎಂದು ಸದಸ್ಯರೊಂದಿಗೆ ಕುಳಿತು ನೋಡಿದೆ.

ಹೆಚ್ಚು ಯೋಚನೆಗೆ ಹಚ್ಚಿದ್ದು ಪ್ರಾತಿನಿಧ್ಯ. ಪಂಚಾಯತ್ ರಾಜ್ ಕಾಯ್ದೆಯಂತೆ ಸುಮಾರು 400 ಜನರಿಗೆ ಒಬ್ಬ ಸದಸ್ಯರಿರುತ್ತಾರೆ. ಕೋಲಾರ ನಗರಸಭೆಯಲ್ಲಿ 2011ರ ಜನಗಣತಿಯ ಸುಮಾರು 1.38 ಲಕ್ಷ ಜನರಿಗೆ 35 ವಾರ್ಡುಗಳು, ಅಂದರೆ ಹತ್ತಿರ ಹತ್ತಿರ 4,000 ಜನರಿಗೆ ಒಬ್ಬರು. ಬೀದಿ ದೀಪ ಕೆಟ್ಟರೆ ಪಕ್ಕದ ಬೀದಿಯ ಸದಸ್ಯರ ಬಾಗಿಲು ತಟ್ಟುವ ಊರಿಗೆ ಇದು ಸಣ್ಣ ಬದಲಾವಣೆಯಲ್ಲ. ವಿಲೀನದ ಪರ ಮಾತನಾಡುವವರು ಈ ಅಂಕಿಯನ್ನು ಎತ್ತುವುದನ್ನು ನಾನು ಕೇಳಿದ್ದು ಕಡಿಮೆ.

ನೀರಿಗೆ ವಿಲೀನ ಬೇಕಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಮಾರ್ಕಂಡೇಯ ನದಿಯ ಯರಗೋಳ್ ಜಲಾಶಯವನ್ನು ಕಟ್ಟಿದ್ದು ಕೋಲಾರ, ಮಾಲೂರು, ಬಂಗಾರಪೇಟೆ ಮೂರೂ ಪಟ್ಟಣಗಳಿಗಾಗಿ. ಅದಕ್ಕಾಗಿ ಯಾರೂ ಮೂರು ಆಡಳಿತಗಳನ್ನು ಒಂದು ಮಾಡಲಿಲ್ಲ. ಪಂಚಾಯಿತಿ ಮತ್ತು ನಗರಸಭೆಗಳ ನಡುವೆ ನೀರು ಹಂಚಿಕೆಯಂಥ ಸಮಾನ ವಿಷಯಗಳನ್ನು ಜಿಲ್ಲಾ ಯೋಜನಾ ಸಮಿತಿ ಪರಿಗಣಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಖಾತೆಯ ಮಾತು ಬೇಗ ಮುಗಿಯಿತು: ಇ-ಸ್ವತ್ತಿನ ನಮೂನೆ 9, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆ, ಇದ್ದವರಿಗೆ ನಗರಸಭೆಯ ಖಾತೆಗೆ ಅವಸರವಿರಲಿಲ್ಲ.

ಕಸಕ್ಕೆ ಒಪ್ಪಂದವೇ ಸರಿಯೆನಿಸಿತು. ವಿಂಗಡಿಸಿದ ಕಸವನ್ನು ಮಾತ್ರ ನಗರದ ಘಟಕಕ್ಕೆ ಕೊಡುವುದು, ಬಾಗಿಲಲ್ಲೇ ತೂಕ ಮಾಡಿ ತೂಕದ ಮೇಲೆ ಶುಲ್ಕ ಕಟ್ಟುವುದು, ಹಸಿ ಕಸವನ್ನು ನಮ್ಮಲ್ಲೇ ಗೊಬ್ಬರ ಮಾಡುವುದು ಎಂದು ಕರಡಿನಲ್ಲಿ ಬರೆದೆವು. ತೂಕದ ಷರತ್ತಿಗೆ ನಾನೇ ಹಟ ಹಿಡಿದಿದ್ದೆ, ಏಕೆಂದರೆ ಅಂದಾಜಿನ ಶುಲ್ಕ ಮೊದಲ ವರ್ಷ ಸ್ನೇಹವಾಗಿಯೂ ಎರಡನೆಯ ವರ್ಷ ತಕರಾರಾಗಿಯೂ ಕಾಣುತ್ತದೆ. ಪಂಚಾಯಿತಿ, ನಗರಸಭೆ ಎರಡರ ಸಾಮಾನ್ಯ ಸಭೆಗಳ ಠರಾವಿಲ್ಲದೆ ದರ ಬದಲಿಸುವಂತಿಲ್ಲ ಎಂಬ ಸಾಲನ್ನೂ ಸೇರಿಸಿದೆವು.

ಒಳಚರಂಡಿಯಲ್ಲಿ ಮಾತ್ರ ಒಪ್ಪಂದ ನಿಲ್ಲಲಿಲ್ಲ. ಕೊಳವೆಯ ಇಳಿಜಾರು ಪಂಚಾಯಿತಿಯ ಗಡಿ ನೋಡಿ ನಿಲ್ಲುವುದಿಲ್ಲ. ಸಂಪರ್ಕ ಕೊಡುವವರು, ಶುಲ್ಕ ವಸೂಲಿ ಮಾಡುವವರು, ಕಟ್ಟಿಕೊಂಡಾಗ ಬಿಡಿಸುವವರು ಒಬ್ಬರೇ ಇರಬೇಕು. ಹಾಗಾಗಿ ನಗರದ ಕೊಳವೆಗೆ ಸೇರಬಹುದಾದ ಬಡಾವಣೆಗಳ ಸರ್ವೆ ನಂಬರುಗಳನ್ನಷ್ಟೇ ನಗರಸಭೆಗೆ ಸೇರಿಸಲು ಅಡ್ಡಿಯಿಲ್ಲ, ಹಳ್ಳಿಗಳನ್ನು ಪಂಚಾಯಿತಿಯಲ್ಲೇ ಉಳಿಸಬೇಕು ಎಂದು ಠರಾವಿಗೆ ಕರಡು ಬರೆದೆ. ತೆರಿಗೆ ಬರುವುದೇ ಬಡಾವಣೆಗಳಿಂದ ಎಂದು ಸದಸ್ಯರು ತಕರಾರು ತೆಗೆದರು, ಅದು ನಿಜವೂ ಹೌದು. ಕೊನೆಗೆ, ಹೋಗುವ ತೆರಿಗೆಯ ಬದಲಿಗೆ ಕಸದ ಶುಲ್ಕದಲ್ಲಿ ರಿಯಾಯಿತಿ ಕೊಡಬೇಕು, ಆ ಭಾಗದ ನೀರುಗಂಟಿಗಳ ಕೆಲಸ ಮುಂದುವರಿಯಬೇಕು ಎಂಬ ಷರತ್ತುಗಳೊಂದಿಗೆ ಠರಾವು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಯಿತು.