ಮನಸ್ಸಿನಲ್ಲೇ ವಸ್ತು ತಿರುಗಿಸಿ ಚಿತ್ರ ಬರೆಯುವುದು ಹೇಗೆ?

ಎದುರಿಗಿರುವುದನ್ನು ಚೆನ್ನಾಗಿ ಬರೆಯುವವರಿಗೂ ಅದನ್ನೇ ಮಗ್ಗುಲಿನಿಂದ ಕಂಡಂತೆ ಬರೆಯಿರಿ ಎಂದರೆ ಕೈ ಕಟ್ಟಿಹೋಗುತ್ತದೆ. ಇದು ಹುಟ್ಟಿನಿಂದಲೇ ಬರಬೇಕು ಎಂದು ಹಲವರು ಕೈಚೆಲ್ಲುತ್ತಾರೆ. ಹಾಗೇನಿಲ್ಲ, ಅಭ್ಯಾಸದಿಂದ ಖಂಡಿತ ಬರುತ್ತದೆ. ಆದರೆ ಒಂದು ಕ್ರಮ ತಪ್ಪಬಾರದು: ಮೊದಲು ಊಹಿಸಿ ಬರೆಯಬೇಕು, ಆಮೇಲೆ ವಸ್ತುವನ್ನು ತಿರುಗಿಸಿ ನೋಡಬೇಕು. ನೋಡಿದ ಮೇಲೆ ಬರೆದರೆ ಅದು ಬರೀ ನಕಲು.

ಮೊದಲಿಗೆ ಒಂದು ಬೆಂಕಿಪೊಟ್ಟಣ ಸಾಕು. ಚಿತ್ರವಿರುವ ಮುಖ ಮೇಲಕ್ಕೆ, ಕಡ್ಡಿ ಗೀರುವ ಪಕ್ಕ ನಿಮ್ಮ ಕಡೆಗೆ ಬರುವಂತೆ ಮೇಜಿನ ಮೇಲಿಡಿ. ಈಗ ಅದನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಏನಾಗುತ್ತದೆ? ಬಲಗಡೆಯ ತುದಿ ಎದುರಿಗೆ ಬರುತ್ತಾ ಅಗಲವಾಗುತ್ತದೆ, ಗೀರುವ ಪಕ್ಕ ಎಡಕ್ಕೆ ಸರಿಯುತ್ತಾ ಕಿರಿದಾಗುತ್ತದೆ. ಇವೆರಡೂ ಕೂಡುವ ನೆಟ್ಟನೆಯ ಅಂಚು ಬಲದಿಂದ ಎಡಕ್ಕೆ ಸಾಗುತ್ತದೆ. ಇಡೀ ಪೊಟ್ಟಣವನ್ನು ತಲೆಯಲ್ಲಿ ಹೊತ್ತು ತಿರುಗಿಸಲು ಹೋಗಬೇಡಿ, ಆ ಒಂದು ಅಂಚನ್ನು ಮಾತ್ರ ಹಿಂಬಾಲಿಸಿ. ಅದು ಎಲ್ಲಿ ನಿಂತಿತು ಎಂದು ಗೊತ್ತಾದರೆ ಉಳಿದ ಗೆರೆಗಳು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ. ಹಿಂದಿನ, ಕಣ್ಣಿಗೆ ಕಾಣದ ಅಂಚುಗಳನ್ನೂ ತೆಳುವಾಗಿ ಬರೆಯಿರಿ. ಗಾಜಿನ ಪೆಟ್ಟಿಗೆಯಂತೆ ಹನ್ನೆರಡೂ ಅಂಚುಗಳು ಕಾಣಬೇಕು.

ತಿರುವು ಚಿಕ್ಕದಾಗಿರಲಿ. 1971ರಲ್ಲಿ ಮನೋವಿಜ್ಞಾನಿಗಳಾದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ನಡೆಸಿದ ಪ್ರಯೋಗದಲ್ಲಿ, ಎರಡು ಆಕೃತಿಗಳ ನಡುವಿನ ತಿರುವು ಹೆಚ್ಚಿದಷ್ಟೂ ಅವು ಒಂದೇ ಎಂದು ಗುರುತಿಸಲು ಬೇಕಾದ ಸಮಯವೂ ಅದೇ ಪ್ರಮಾಣದಲ್ಲಿ ಹೆಚ್ಚಿತು. ಮನಸ್ಸೂ ಕೈಯಂತೆಯೇ ಹಂತಹಂತವಾಗಿ ತಿರುಗಿಸುತ್ತದೆ. ಆದ್ದರಿಂದ 20, 30 ಡಿಗ್ರಿಯಿಂದ ಶುರುಮಾಡಿ.

ಮುಂದಿನದು ಸ್ಟೀಲ್ ಲೋಟ. ಲೋಟವನ್ನು ವಾಲಿಸಿ ಬರೆಯುವಾಗ ಹೊಸಬರು ಬಾಯಿಯ ಅಂಡಾಕಾರವನ್ನು ಮಾತ್ರ ನೆಲಕ್ಕೆ ಸಮನಾಗಿಯೇ ಉಳಿಸಿಬಿಡುತ್ತಾರೆ, ಲೋಟ ಮುರಿದಂತೆ ಕಾಣುತ್ತದೆ. ಲೋಟದ ನಟ್ಟನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಅಂಡಾಕಾರದ ಕಿರಿದಾದ ಅಳತೆ ಆ ಗೆರೆಯ ಮೇಲೆಯೇ ಬರಬೇಕು, ಲೋಟ ಎತ್ತ ವಾಲಿದರೂ ಸರಿ. ಇದೊಂದು ಸರಿಹೋದರೆ ಚೊಂಬು, ಒನಕೆ, ಗಾಡಿಚಕ್ರ ಎಲ್ಲವೂ ಸುಲಭ.

ಕಣ್ಣು ಮುಚ್ಚಿದರೆ ಏನೂ ಕಾಣುವುದಿಲ್ಲ ಎನ್ನುವವರೂ ಇದ್ದಾರೆ. ಈ ಸ್ಥಿತಿಗೆ 2015ರಲ್ಲಿ ಅಫ್ಯಾಂಟೇಸಿಯಾ ಎಂಬ ಹೆಸರು ಬಂತು. ಅಂಥವರೂ ಧೈರ್ಯಗೆಡಬೇಕಾಗಿಲ್ಲ. ಯಾವ ಅಂಚು ಎತ್ತ ಸರಿಯುತ್ತದೆ ಎಂಬ ಲೆಕ್ಕ ಕಾಗದದ ಮೇಲೆಯೂ ನಡೆಯುತ್ತದೆ.

ಕೈ ಪಳಗಿದ ಮೇಲೆ ಚಿತ್ರದುರ್ಗದ ಕೋಟೆ ಹತ್ತಿ. ಅಲ್ಲಿ ದೇವಸ್ಥಾನದ ಎದುರಿನ ಉಯ್ಯಾಲೆ ಕಂಬಕ್ಕಿಂತ ಒಳ್ಳೆಯ ಪಾಠ ಊರಲ್ಲಿ ಬೇರೆಲ್ಲೂ ಸಿಗದು ಎಂಬುದು ನನ್ನ ಅಭಿಪ್ರಾಯ. ಎರಡು ಕಂಬ, ಮೇಲೊಂದು ಅಡ್ಡತೊಲೆ, ಅಷ್ಟೇ. ತುಸು ದೂರದಲ್ಲಿ ನೇರ ಎದುರಿಗೆ ಕೂತು ಒಂದು ಚಿತ್ರ ಬರೆಯಿರಿ. ಪಕ್ಕದಲ್ಲೇ ಮೇಲಿನಿಂದ ಕಂಡಂತೆ ನಕ್ಷೆ ಹಾಕಿ: ಎರಡು ಚುಕ್ಕೆ, ನಡುವೆ ಒಂದು ಗೆರೆ. ಈಗ ನಕ್ಷೆಯನ್ನು 45 ಡಿಗ್ರಿ ತಿರುಗಿಸಿ, ಕಂಬಗಳ ನಡುವಿನ ಅಂತರ ಎಷ್ಟು ಕಾಣುತ್ತದೆ ಎಂದು ಊಹಿಸಿ. ಅರ್ಧ ಎನ್ನುವವರೇ ಹೆಚ್ಚು. ನಿಜಕ್ಕೂ ಅದು ಮುಕ್ಕಾಲಿಗಿಂತ ತುಸು ಕಡಿಮೆ, ಅರ್ಧವಾಗುವುದು 60 ಡಿಗ್ರಿಗೆ. ಅಲ್ಲಿಂದಾಚೆಗೆ ಅಂತರ ಬೇಗಬೇಗ ಮುಚ್ಚಿಕೊಂಡು, 90ಕ್ಕೆ ಹಿಂದಿನ ಕಂಬ ಮುಂದಿನದರ ಮರೆಗೆ ಹೋಗುತ್ತದೆ.

ಊಹೆಯ ಚಿತ್ರ ಮುಗಿದ ಮೇಲೆಯೇ ಎದ್ದು ಕಂಬಗಳು ಆ ಕೋನದಲ್ಲಿ ಕಾಣುವ ಜಾಗಕ್ಕೆ ಹೋಗಿ ನಿಲ್ಲಿ. ತಪ್ಪಿದ ಗೆರೆಯನ್ನು ರಬ್ಬರಿನಿಂದ ಅಳಿಸಬೇಡಿ. ಅದರ ಮೇಲೆಯೇ ಸರಿಯಾದ ಗೆರೆಯನ್ನು ಕೆಂಪು ಪೆನ್ಸಿಲ್‌ನಲ್ಲಿ ಎಳೆಯಿರಿ. ನಾಲ್ಕಾರು ಹಾಳೆ ತುಂಬಿದಾಗ ನಿಮ್ಮ ಊಹೆ ಸದಾ ಯಾವ ಕಡೆಗೆ ಜಾರುತ್ತದೆ ಎಂಬುದು ಆ ಕೆಂಪು ಗೆರೆಗಳಲ್ಲೇ ಕಾಣುತ್ತದೆ.