ಧನುರ್ಮಾಸದಲ್ಲಿ ಎಂಟು ವ್ಯಾಂಪೈರ್ ಸಿನಿಮಾ: ಕೊನೆಯಿಂದ ಶುರುವಿಗೆ

ವ್ಯಾಂಪೈರ್ ಸಿನಿಮಾಗಳ ಸರಣಿ ಮಾಡುತ್ತೇನೆ ಎಂದಾಗ ನಮ್ಮ ಸಿನಿಮಾ ಕ್ಲಬ್‌ನಲ್ಲಿ ಇಬ್ಬರು ನಕ್ಕರು. ಅದನ್ನು ಹಿಂದುಮುಂದಾಗಿ, 2014ರಿಂದ ಶುರುಮಾಡಿ 1922ಕ್ಕೆ ಮುಗಿಸುತ್ತೇನೆ ಎಂದಾಗ ಎಲ್ಲರೂ ನಕ್ಕರು. ಇತಿಹಾಸ ಅಂದಮೇಲೆ ಹಳೆಯದು ಮೊದಲು, ಹೊಸದು ಆಮೇಲೆ. ಇದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಹಾಗೆ ಮಾಡಿಯೇ ಎರಡು ಸಲ ಮುಗ್ಗರಿಸಿದ್ದೆ.

ಮೊದಲ ಸಲ ಆಷಾಢದಲ್ಲಿ ಮಾಡಿದೆವು. ಕಾರಣ ಸಿನಿಮಾ ಅಲ್ಲ, ಬಾಡಿಗೆ. ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಮದುವೆ ಸೀಸನ್‌ನಲ್ಲಿ ಕಲ್ಯಾಣ ಮಂಟಪ ಕೇಳುವ ಹಾಗೇ ಇಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಸಂಜೆಗೆ ಎರಡೂವರೆ ಸಾವಿರಕ್ಕೆ ಕೊಟ್ಟರು. ಬಹಳ ಜಾಣತನ ಮಾಡಿದೆ ಅಂದುಕೊಂಡೆ. ಆದರೆ ಆ ಮಂಟಪಕ್ಕೆ ತಗಡಿನ ಮಾಡು, ಹೊರಗೆ ಆಷಾಢದ ಮಳೆ. ಎರಡನೇ ವಾರ 1931ರ 'ಡ್ರಾಕುಲಾ' ಹಾಕಿದೆ. ನೋಡಿದವರಿಗೆ ಗೊತ್ತು, ಆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಅಂತ ಇಲ್ಲವೇ ಇಲ್ಲ. ಹೆಸರು ಬರುವಾಗ ಸ್ವಲ್ಪ 'ಸ್ವಾನ್ ಲೇಕ್' ಬ್ಯಾಲೆಯ ಸಂಗೀತ, ನಾಟಕ ಮಂದಿರದ ದೃಶ್ಯದಲ್ಲಿ ಒಂದಿಷ್ಟು, ಅಷ್ಟೆ. ಡ್ರಾಕುಲಾ ಪಾತ್ರದ ಬೆಲಾ ಲುಗೋಸಿ ಒಂದೊಂದು ಮಾತಿಗೂ ನಡುವೆ ಇಷ್ಟಿಷ್ಟು ಜಾಗ ಬಿಟ್ಟು ಮಾತಾಡುತ್ತಾನೆ. ಆ ಜಾಗದಲ್ಲೆಲ್ಲ ನಮಗೆ ತಗಡಿನ ಮೇಲಿನ ಮಳೆ ಕೇಳಿಸಿತು. ಕೊನೆಗೆ ಅವನ ಮಾತೂ ಕೇಳಲಿಲ್ಲ.

ಅದಕ್ಕೂ ಮೊದಲ ವಾರ 1922ರ ಮೂಕಿ ಚಿತ್ರ 'ನೊಸ್ಫೆರಾಟು' ತೋರಿಸಿದ್ದು ಇನ್ನೂ ದೊಡ್ಡ ಎಡವಟ್ಟು. ಎಲ್ಲೋ ಸಿಕ್ಕ ಪ್ರತಿ ಹಾಕಿದೆ. ಬರೀ ಕಪ್ಪುಬಿಳುಪು, ಒಂದು ಗಂಟೆಯ ಆಸುಪಾಸಿಗೆ ಮುಗಿದೇಹೋಯಿತು. ಸೆಕೆಂಡಿಗೆ 18 ಚೌಕಟ್ಟಿನ (ಫ್ರೇಮ್) ಹತ್ತಿರ ಓಡಬೇಕಾದ್ದನ್ನು 24ರಲ್ಲಿ ಓಡಿಸಿದರೆ ಇನ್ನೇನಾಗುತ್ತದೆ? ಎಲ್ಲರೂ ಕೋಳಿಯ ಹಾಗೆ ಕುಪ್ಪಳಿಸುತ್ತಾರೆ. ಸರಿಯಾದ ವೇಗದಲ್ಲಿ ಅದು ಒಂದೂವರೆ ಗಂಟೆ ದಾಟುತ್ತದೆ. ಅದೂ ಹೋಗಲಿ, ಮುಂದಿನ ಸಾಲಿನಲ್ಲಿದ್ದ ಹೈಸ್ಕೂಲ್ ಹುಡುಗ ಎದ್ದು ಕೇಳಿದ: "ಬಿಸಿಲು ಬಿದ್ರೆ ಸಾಯ್ತಾನೆ ಅಂದ್ರಿ. ಮಟಮಟ ಮಧ್ಯಾಹ್ನ ಶವಪೆಟ್ಟಿಗೆ ಹೊತ್ಕೊಂಡು ಊರೆಲ್ಲ ಓಡಾಡ್ತಿದ್ದಾನಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಹುಡುಕಿದ ಮೇಲೆ ಗೊತ್ತಾಯಿತು. ನಿರ್ದೇಶಕ ಮುರ್ನೌ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದಿದ್ದ. ಮೂಲ ಪ್ರತಿಯಲ್ಲಿ ಅವಕ್ಕೆಲ್ಲ ನೀಲಿ ಬಣ್ಣ ಹಾಕಿ ರಾತ್ರಿ ಮಾಡಿದ್ದರು. ಬಣ್ಣ ಕಳೆದುಹೋದ ಪ್ರತಿಯಲ್ಲಿ ರಾತ್ರಿಯೂ ಕಳೆದುಹೋಗಿದೆ. ಬಿಸಿಲಿಗೆ ವ್ಯಾಂಪೈರ್ ಸಾಯುವುದು ಶುರುವಾದದ್ದೇ ಈ ಚಿತ್ರದಿಂದ. ಬ್ರಾಮ್ ಸ್ಟೋಕರ್ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಲಂಡನ್ನಿನಲ್ಲಿ ತಿರುಗಾಡುತ್ತಾನೆ. ಅಂಥ ಚಿತ್ರದಲ್ಲೇ ಬಿಸಿಲು ಯಾವುದು, ಬೆಳದಿಂಗಳು ಯಾವುದು ಗೊತ್ತಾಗದಿದ್ದರೆ ಕಥೆಯ ಸೊಂಟವೇ ಮುರಿದ ಹಾಗೆ.

ಆ ವರ್ಷ ಅರವತ್ತು ಜನರಿಂದ ಶುರುವಾಗಿ ಏಳು ಜನಕ್ಕೆ ಮುಗಿಯಿತು. ಕೈಯಿಂದ ಹೋದದ್ದು ಹತ್ತಿರ ಹತ್ತಿರ 38 ಸಾವಿರ.

ಎರಡನೇ ವರ್ಷ ಮಳೆಗೆ ಹೆದರಿ ಬೇಸಿಗೆಗೆ ಹೋದೆ. ಮಂಟಪ ಸಿಗದೆ ಒಂದು ಶಾಲೆಯ ಸಭಾಂಗಣ ಹಿಡಿದೆ. ಏಪ್ರಿಲ್‌ನಲ್ಲಿ ಆರೂವರೆಯಾದರೂ ಕಿಟಕಿಯಲ್ಲಿ ಬೆಳಕು. ಅಡಿಕೆ ಒಣಗಿಸುವ ಟಾರ್ಪಲ್ ತಂದು ಕಿಟಕಿಗೆಲ್ಲ ಕಟ್ಟಿದೆವು. ಕತ್ತಲೇನೋ ಆಯಿತು, ಗಾಳಿಯೂ ನಿಂತಿತು. ಜನ ರಕ್ತಕ್ಕಿಂತ ಬೆವರಿನ ಬಗ್ಗೆ ಜಾಸ್ತಿ ಮಾತಾಡಿಕೊಂಡು ಹೋದರು. ನಿರ್ದೇಶಕ ಡ್ರೈಯರ್‌ನ 'ವಾಂಪಿರ್' ಅಂತೂ ಬಾಡಿಗೆಯ ಮಂಕು ಪ್ರೊಜೆಕ್ಟರ್‌ನಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಕಂಡಿತು. ಡ್ರೈಯರ್ ಮತ್ತು ಕ್ಯಾಮೆರಾಮನ್ ರುಡಾಲ್ಫ್ ಮಾಟೆ ಲೆನ್ಸಿನ ಮುಂದೆ ತೆಳು ಬಟ್ಟೆ ಹಿಡಿದು ಬೇಕಂತಲೇ ಮಂಜು ಮಾಡಿದ್ದಾರೆ. ಆ ಮಂಜಿನ ಮೇಲೆ ನಮ್ಮ ಬಲ್ಬಿನ ಮಂಜು ಬೇರೆ. ಒಬ್ಬರು ಹೊರಗೆ ಬಂದು "ಪೊರೆ ಆಪರೇಷನ್ ಆಗಿ ಎರಡು ತಿಂಗಳು, ಮತ್ತೆ ಬಂತೇನೋ ಅನ್ನಿಸ್ತು" ಅಂದರು. ಆ ಸಲದ ನಷ್ಟ ಇಪ್ಪತ್ತು ಇಪ್ಪತ್ತೆರಡು ಸಾವಿರ ಇರಬೇಕು. ಅದರಲ್ಲಿ ಎಂಟು ಸಾವಿರ ಒಬ್ಬ ಮಧ್ಯವರ್ತಿಯ ಪಾಲು. ಮುಂಗಡ ತೆಗೆದುಕೊಂಡು, ಪರದೆ ತುಂಬಾ ಅವನ ಮುದ್ರೆಯೇ ಇರುವ ಡಿಸ್ಕ್ ಕಳಿಸಿದ. ಆಮೇಲೆ ಫೋನ್ ಎತ್ತಲಿಲ್ಲ.

ಸರಿ, ಮೂರನೇ ಸಲ. ಬಾಡಿಗೆ ಕಡಿಮೆ ಇರಬೇಕು, ಮಳೆ ಇರಬಾರದು, ಬೇಗ ಕತ್ತಲಾಗಬೇಕು. ಈ ಮೂರೂ ಕೂಡಿ ಬರುವ ಕಾಲ ಒಂದೇ: ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಮದುವೆ ಇಲ್ಲ, ಮಳೆ ಇಲ್ಲ, ಆರೂವರೆಗೆಲ್ಲ ಗವ್ವೆನ್ನುವ ಕತ್ತಲೆ, ಮೇಲೆ ಚಳಿ. "ಅಡಿಕೆ ಕೊಯ್ಲು, ಜನ ಬರಲ್ಲ" ಎಂದರು. ಟಾರ್ಪಲ್ ಒಂದೂ ಸಿಗುವುದಿಲ್ಲ ಎಂದೂ ಹೆದರಿಸಿದರು. ಕತ್ತಲೆ ತಾನೇ ಬಂದಮೇಲೆ ಟಾರ್ಪಲ್ ಯಾರಿಗೆ ಬೇಕು? ಹಗಲೆಲ್ಲ ಕೊಯ್ಲಿನಲ್ಲಿದ್ದವರೂ ಏಳು ಗಂಟೆಗೆ ಸ್ವೆಟರ್ ಹಾಕಿಕೊಂಡು ಬಂದರು. ನಾಲ್ಕು ವಾರ, ಶನಿವಾರ ಒಂದು, ಭಾನುವಾರ ಒಂದು. ಒಟ್ಟು ಎಂಟು.

ಈಗ ಕ್ರಮದ ವಿಷಯ. ಹಳೆಯದರಿಂದ ಶುರುಮಾಡಿದರೆ ನೋಡುವವನಿಗೆ ಮೊದಲ ದಿನವೇ ಮಾತಿಲ್ಲ, ಬಣ್ಣ ಇಲ್ಲ, ಗೊತ್ತಿರುವ ಮುಖ ಇಲ್ಲ. ಎಲ್ಲ ಒಟ್ಟಿಗೇ ಕಿತ್ತುಕೊಂಡ ಹಾಗೆ. ಹಿಂದಕ್ಕೆ ಹೋದರೆ ಒಂದೊಂದೇ ಕಳಚುತ್ತದೆ. ಬಣ್ಣ ಹೋಗುತ್ತದೆ, ಆಮೇಲೆ ಮಾತು ಕಡಿಮೆಯಾಗುತ್ತದೆ, ಆಮೇಲೆ ಸಂಗೀತ, ಕೊನೆಗೆ ದನಿಯೇ ಇಲ್ಲ. ಅಷ್ಟರಲ್ಲಿ ಕಣ್ಣು ಪಳಗಿರುತ್ತದೆ.

ಮೊದಲ ದಿನ ಆನಾ ಲಿಲಿ ಅಮೀರ್‌ಪೂರ್ 2014ರಲ್ಲಿ ಮಾಡಿದ 'ಎ ಗರ್ಲ್ ವಾಕ್ಸ್ ಹೋಮ್ ಅಲೋನ್ ಅಟ್ ನೈಟ್'. ಮಾತು ಫಾರ್ಸಿ, ಕಥೆ ನಡೆಯುವುದು ಒಂದು ಕಲ್ಪನೆಯ ಇರಾನಿ ಊರಿನಲ್ಲಿ, ಚಿತ್ರೀಕರಣ ಆದದ್ದು ಕ್ಯಾಲಿಫೋರ್ನಿಯಾದ ಟಾಫ್ಟ್‌ನಲ್ಲಿ. ಇರಾನಿ ಹೆಂಗಸರು ತಲೆಯಿಂದ ಹೊದೆಯುವ ಚಾದರ್‌ನಲ್ಲಿ ವ್ಯಾಂಪೈರ್ ಹುಡುಗಿ ಸ್ಕೇಟ್‌ಬೋರ್ಡ್ ಮೇಲೆ ಖಾಲಿ ಬೀದಿಯಲ್ಲಿ ಜಾರಿ ಬರುತ್ತಾಳೆ, ಚಾದರ್ ಬಾವಲಿಯ ರೆಕ್ಕೆಯ ಹಾಗೆ ಹಾರುತ್ತದೆ. ಇದನ್ನೇ ಮೊದಲಿಗೆ ಇಟ್ಟದ್ದಕ್ಕೆ ಒಂದು ಕುತಂತ್ರವೂ ಇದೆ. ಹೊಸ ಚಿತ್ರ, ಆದರೆ ಕಪ್ಪುಬಿಳುಪು. "ಕಪ್ಪುಬಿಳುಪಾ?" ಎನ್ನುವ ಗೊಣಗಾಟ ಮೊದಲ ದಿನವೇ ಮುಗಿದುಹೋಯಿತು.

ಎರಡನೆಯದು 2008ರ ಸ್ವೀಡಿಷ್ ಚಿತ್ರ, 'ಲೆಟ್ ದ ರೈಟ್ ಒನ್ ಇನ್'. ಕನ್ನಡ ಸಬ್‌ಟೈಟಲ್ ನಾನೇ ಕೂತು ಮಾಡಿದ್ದು, ಹತ್ತು ಹನ್ನೆರಡು ರಾತ್ರಿ ಹಿಡಿಯಿತು. ವ್ಯಾಂಪೈರ್‌ಗೆ ಕನ್ನಡದಲ್ಲಿ ಏನನ್ನಬೇಕು ಎಂದು ಒದ್ದಾಡಿದೆ. 'ಬೇತಾಳ' ಎಂದರೆ ಮರದ ಮೇಲೆ ಕೂತು ವಿಕ್ರಮನಿಗೆ ಕಥೆ ಹೇಳಲು ಶುರುಮಾಡುತ್ತಾನೆ. 'ರಕ್ತಪಿಶಾಚಿ' ಎಂದರೆ ಪತ್ರಿಕೆಯ ಕ್ರೈಂ ಪುಟ. 'ವ್ಯಾಂಪೈರ್' ಎಂದೇ ಬಿಟ್ಟೆ. ನಿಜವಾದ ಕಷ್ಟ ಬೇರೆ ಇತ್ತು. ಚಿತ್ರದ ವ್ಯಾಂಪೈರ್ ಏಲಿ, ನೋಡಲು ಪುಟ್ಟ ಹುಡುಗಿಯ ಹಾಗೆ, ತಾನು ಹುಡುಗಿಯಲ್ಲ ಎಂದು ಮತ್ತೆ ಮತ್ತೆ ಹೇಳುತ್ತದೆ. 'ನಾನು' ಎನ್ನುವಾಗ ಕನ್ನಡಕ್ಕೆ ತೊಂದರೆ ಇಲ್ಲ. ಬೇರೆಯವರು ಏಲಿಯ ಬಗ್ಗೆ ಮಾತಾಡಿದ ಕೂಡಲೇ 'ಬಂದಳು' ಬೇಕೋ 'ಬಂದನು' ಬೇಕೋ ಎಂದು ಕ್ರಿಯಾಪದ ಕುತ್ತಿಗೆ ಹಿಡಿಯುತ್ತದೆ. ಮೂರು ದಿನ ಅಲ್ಲೇ ನಿಂತೆ. ಆಮೇಲೆ ನಮ್ಮಮ್ಮ ಪಕ್ಕದ ಮನೆಯ ಮಗುವಿನ ಬಗ್ಗೆ "ಅದು ಊಟ ಮಾಡ್ತಾ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಮಕ್ಕಳಿಗೆ ನಾವು 'ಅದು' ಅನ್ನುತ್ತೇವಲ್ಲ! ಇಡೀ ಚಿತ್ರದಲ್ಲಿ ಏಲಿ 'ಅದು' ಆಯಿತು. ನನ್ನ ಕೆಲಸದಲ್ಲಿ ನನಗೇ ಹೆಮ್ಮೆ ಇರುವುದು ಇದೊಂದಕ್ಕೆ.

ಆ ಚಿತ್ರದಲ್ಲಿ ಏಲಿ ಗೆಳೆಯ ಹುಡುಗನ ಮನೆ ಬಾಗಿಲಲ್ಲಿ ನಿಂತು ಒಳಗೆ ಕರೆ ಎಂದು ಕೇಳುವ ದೃಶ್ಯ ಇದೆ. ಕರೆಯದೆ ಹೊಸ್ತಿಲು ದಾಟುವ ಹಾಗಿಲ್ಲ. ಹುಡುಗ ಕರೆಯುವುದಿಲ್ಲ, ಏನಾಗುತ್ತದೋ ನೋಡೋಣ ಎಂದು ಸುಮ್ಮನೆ ನಿಲ್ಲುತ್ತಾನೆ. ಹಿಂದಿನ ಸಾಲಿನಿಂದ ಒಬ್ಬರು ಜೋರಾಗಿ "ಬಾಗ್ಲ ಮೇಲೆ 'ನಾಳೆ ಬಾ' ಅಂತ ಬರೀಬೇಕಿತ್ತು" ಅಂದರು. ಮಂಟಪ ಪೂರ್ತಿ ನಕ್ಕಿತು. ಅಷ್ಟರಲ್ಲಿ ಏಲಿ ಒಳಗೆ ಕಾಲಿಟ್ಟಾಗಿತ್ತು. ತಲೆಯಿಂದ, ಕಿವಿಯಿಂದ, ಕಣ್ಣಿಂದ ರಕ್ತ ಸೋರತೊಡಗಿತು. ನಗು ಅರ್ಧಕ್ಕೇ ನಿಂತಿತು. ನಾನು ಪ್ರೊಜೆಕ್ಟರ್ ಪಕ್ಕ ನಿಂತು ಜನರ ಬೆನ್ನು ನೋಡುತ್ತಿದ್ದೆ. ಒಂದೂ ಬೆನ್ನು ಅಲುಗಲಿಲ್ಲ. ಈ ಸಲ ಗೆದ್ದೆ ಎಂದು ಗೊತ್ತಾದದ್ದು ಆಗಲೇ.

ಮೂರನೆಯದು ಕ್ಯಾಥರಿನ್ ಬಿಗೆಲೋ ಅವರ 'ನಿಯರ್ ಡಾರ್ಕ್', 1987. ಇಡೀ ಚಿತ್ರದಲ್ಲಿ 'ವ್ಯಾಂಪೈರ್' ಎನ್ನುವ ಪದ ಒಮ್ಮೆಯೂ ಬರುವುದಿಲ್ಲ, ಅನುವಾದಕನಿಗೆ ರಜೆ. ನಾಲ್ಕನೆಯದು ನಿರ್ದೇಶಕ ಹೆರ್ಜಾಗ್ 1922ರ ಕಥೆಯನ್ನೇ ಮತ್ತೆ ತೆಗೆದ 1979ರ 'ನೊಸ್ಫೆರಾಟು'. ಈ ನಾಲ್ಕಕ್ಕೂ ಪ್ರದರ್ಶನದ ಹಕ್ಕು ಬೇಕು. ಆ ಪತ್ರ ವ್ಯವಹಾರದ ಗೋಳು ಹೇಳುವುದು ಬೇಡ, ಬಿಡಿ. ಐದಾರು ತಿಂಗಳು ಹಿಡಿಯಿತು, ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು. ಉಳಿದ ನಾಲ್ಕು 60 ವರ್ಷ ದಾಟಿದವು. ನಮ್ಮ ಕಾಯಿದೆಯಲ್ಲಿ ಸಿನಿಮಾದ ಹಕ್ಕು ಅಷ್ಟಕ್ಕೇ ಮುಗಿಯುತ್ತದೆ. ಆದರೆ ಹೊಸದಾಗಿ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕು ಇರುತ್ತದೆ, ಅಲ್ಲಿ ಎಡವಬೇಡಿ.

ಐದನೆಯದು ಬ್ರಿಟನ್ನಿನ ಹ್ಯಾಮರ್ ಸಿನಿಮಾ ಕಂಪನಿಯ 1958ರ 'ಡ್ರಾಕುಲಾ'. ಜನ ಅತಿ ಹೆಚ್ಚು ಖುಷಿಪಟ್ಟದ್ದು ಇದಕ್ಕೆ. ಹೆಸರು ಬರುವಾಗಲೇ ಶವಪೆಟ್ಟಿಗೆಯ ಮೇಲೆ ಓಕುಳಿಯಂಥ ಕೆಂಪು ರಕ್ತ ತೊಟ್ಟಿಕ್ಕುತ್ತದೆ. ಡ್ರಾಕುಲಾ ಆದ ಕ್ರಿಸ್ಟೋಫರ್ ಲೀ ಮೆಟ್ಟಿಲ ಮೇಲೆ ಕಪ್ಪು ನೆರಳಾಗಿ ಕಾಣಿಸುತ್ತಾನೆ. ಕಿರುಚಲು ಜನ ತಯಾರಾಗಿರುತ್ತಾರೆ. ಅವನು ದಡದಡ ಇಳಿದು ಬಂದು ಬ್ಯಾಂಕ್ ಮ್ಯಾನೇಜರ್ ಹಾಗೆ ಮರ್ಯಾದೆಯಿಂದ ಮಾತಾಡುತ್ತಾನೆ. ಆ ಮಾತುಗಳೂ ಬೆರಳೆಣಿಕೆಯಷ್ಟೇ. ಮುಂದೆ ಬಾಯಿ ತೆರೆಯುವುದು ಕಚ್ಚಲು, ಬುಸುಗುಡಲು. ವ್ಯಾಂಪೈರ್ ಬೇಟೆಗಾರನಾದ ಪೀಟರ್ ಕುಶಿಂಗ್ ಕೊನೆಗೆ ಮೇಜಿನ ಮೇಲೆ ಓಡಿ ಕಿಟಕಿಯ ಪರದೆ ಕಿತ್ತು ಬಿಸಿಲು ಬಿಡುವಾಗ ಸೀಟಿ ಬಿತ್ತು. ನಮ್ಮ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಸೀಟಿ.

ಆರನೆಯದು ಮತ್ತೆ 'ವಾಂಪಿರ್', 1932. ಇಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ಕೊಂಡಿದ್ದೆ, 45 ಸಾವಿರ, ಮೇಲೆ ಹೊಸ ಬಲ್ಬಿಗೆ ಒಂಬತ್ತು. ಗೋಡೆಗೆ ಬಿಳಿ ಸುಣ್ಣ ಬಿಟ್ಟು ತೆಳು ಬೂದಿ ಬಣ್ಣ ಹೊಡೆಸಿದೆ. ಆ ಬೂದಿಯ ಹದ ಮಾತ್ರ ಕೇಳಬೇಡಿ, ಮೂರು ಡಬ್ಬ ಹಾಳುಮಾಡಿ ಕಂಡುಕೊಂಡದ್ದು. ಹೊಗೆಯಂಥ ಮಂಜಿನೊಳಗೆ ಈಗ ಕಪ್ಪು ಕಪ್ಪಾಗಿಯೇ ಉಳಿಯಿತು. ನನ್ನ ಮಟ್ಟಿಗೆ ಎಂಟರಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ ಇದೇ. ನಾಯಕನಾಗಿ ಕಾಣುವವನು ದುಡ್ಡು ಹಾಕಿದ ಶ್ರೀಮಂತ, ನಿಕೋಲಾಸ್ ಡಿ ಗುಂಜ್‌ಬರ್ಗ್, ಪರದೆಯಲ್ಲಿ ಜೂಲಿಯನ್ ವೆಸ್ಟ್ ಎಂಬ ಹೆಸರು. ಪಾತ್ರ ಮಾಡಿದ ಹೆಚ್ಚಿನವರು ನಟರೇ ಅಲ್ಲ. ನಾಯಕ ಶವಪೆಟ್ಟಿಗೆಯೊಳಗೆ ಮಲಗಿ, ಮುಚ್ಚಳದ ಗಾಜಿನಿಂದ ಮೇಲೆ ನೋಡುತ್ತಾ ಸಾಗುವ ದೃಶ್ಯ ನೋಡಿದ ಮೇಲೆ ಉಳಿದ ವ್ಯಾಂಪೈರ್ ಚಿತ್ರಗಳೆಲ್ಲ ವೇಷದ ಅಂಗಡಿ ಅನ್ನಿಸುತ್ತದೆ. 1932ರಲ್ಲಿ ಬರ್ಲಿನ್‌ನಲ್ಲಿ ಜನ ಇದಕ್ಕೆ ಕೂಗು ಹಾಕಿದ್ದರಂತೆ. ಸಾಗರದಲ್ಲಿ ಯಾರೂ ಹಾಕಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಡಾಕ್ಟರ್ ಹಿಟ್ಟಿನಡಿ ಹೂತು ಸಾಯುವಾಗ ಒಬ್ಬ ಗಿರಣಿ ಮಾಲೀಕರು ಮಾತ್ರ ಎದ್ದು ಹೊರಗೆ ಹೋದರು.

ನಿರ್ದೇಶಕ ಕೊಪೊಲಾನ 1992ರ 'ಡ್ರಾಕುಲಾ' ಯಾಕಿಲ್ಲ ಎಂದು ಈಗಲೂ ಜಗಳ ಇದೆ. ಕ್ಯಾಮೆರಾದೊಳಗೇ ಹಳೆಯ ಕಾಲದ ತಂತ್ರಗಳಿಂದ ಮಾಡಿದ ಕೈಚಳಕ, ಐಕೊ ಇಶಿಯೋಕಾ ಅವರ ಆಸ್ಕರ್ ಪಡೆದ ಉಡುಪು, ಎಲ್ಲ ಒಪ್ಪುತ್ತೇನೆ. ಆದರೆ ಅದು ಹೋಳಿಗೆ ಊಟ. ಮಧ್ಯದಲ್ಲಿ ಬಡಿಸಿದರೆ ಮುಂದಿನದು ಯಾರಿಗೂ ಸೇರುವುದಿಲ್ಲ.

ಏಳನೇ ಸಂಜೆ 1931ರ 'ಡ್ರಾಕುಲಾ'. ಮಳೆ ಇಲ್ಲ. ಫ್ಯಾನ್ ಕೂಡ ಆರಿಸಿದೆ. ಆ ಮೌನ ನಿಜಕ್ಕೂ ಕೆಲಸ ಮಾಡಿತು. ಒಂದೇ ಅಪಾಯ ಆದದ್ದು ಕೋಟೆಯ ನೆಲಮಾಳಿಗೆಯಲ್ಲಿ. ಅಲ್ಲಿ ಓಡಾಡುವುದು ಅಮೆರಿಕದ ಆರ್ಮಡಿಲ್ಲೋ. ಟ್ರಾನ್ಸಿಲ್ವೇನಿಯಾಕ್ಕೆ ಅದು ಹೇಗೆ ಬಂತೋ! "ಚಿಪ್ಪುಹಂದಿ, ಚಿಪ್ಪುಹಂದಿ" ಎಂದು ಮಕ್ಕಳು ಕೂಗಿದರು. ಚಿತ್ರ ಮುಗಿದ ಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಅದೇ ಸೆಟ್‌ಗಳಲ್ಲಿ ರಾತ್ರಿ ಪಾಳಿಯಲ್ಲಿ ಬೇರೆ ತಂಡ ತೆಗೆದ ಸ್ಪ್ಯಾನಿಷ್ 'ಡ್ರಾಕುಲಾ'ದಿಂದ ಮೆಟ್ಟಿಲಿನ ದೃಶ್ಯ ಹಾಕಿದೆ. ಅಲ್ಲಿ ಕ್ಯಾಮೆರಾ ತೇಲಿಕೊಂಡು ಮೆಟ್ಟಿಲು ಹತ್ತುತ್ತದೆ. ಕೈ ಎತ್ತಿಸಿ ಮತ ಹಾಕಿಸಿದೆ. ಕ್ಯಾಮೆರಾಗೆ ಸ್ಪ್ಯಾನಿಷ್ ಗೆದ್ದಿತು, ಡ್ರಾಕುಲಾಗೆ ಲುಗೋಸಿ.

ಕೊನೆಯದು 1922ರ 'ನೊಸ್ಫೆರಾಟು'. ಬಣ್ಣ ಬರಲಿ ಎಂದು ಮೊದಲು ಪ್ರೊಜೆಕ್ಟರ್ ಮುಂದೆ ನೀಲಿ ಜೆಲ್ ಹಾಳೆ ಹಿಡಿದು ನೋಡಿದ್ದೆ, ಬಿಸಿಗೆ ಹಪ್ಪಳದ ಹಾಗೆ ಸುರುಟಿತು. ಆಮೇಲೆ ಕಂಪ್ಯೂಟರ್‌ನಲ್ಲಿ ಕೂತು ರಾತ್ರಿಗೆ ನೀಲಿ, ದೀಪದ ಕೋಣೆಗೆ ಹಳದಿ, ಮುಂಜಾವಿಗೆ ಗುಲಾಬಿ ಹಾಕಿದೆ. ಹುಡುಗನ ಪ್ರಶ್ನೆಗೆ ಎರಡು ವರ್ಷ ತಡವಾಗಿ ಉತ್ತರ ಸಿಕ್ಕಿತು. ಸಂಗೀತಕ್ಕೆ ಮೊದಲು ಚಂಡೆ ಮದ್ದಳೆ ಕರೆಸಿ ತಾಲೀಮು ಮಾಡಿದೆವು. ದೊಡ್ಡ ತಪ್ಪು. ಚಿತ್ರದ ವ್ಯಾಂಪೈರ್ ಓರ್ಲಾಕ್ ಬಾಗಿಲಲ್ಲಿ ನಿಂತ ಕೂಡಲೇ ಯಕ್ಷಗಾನದ ಬಣ್ಣದ ವೇಷದ ಒಡ್ಡೋಲಗ ಆಗಿಬಿಟ್ಟಿತು, ನಮಗೇ ನಗು. ಕೊನೆಗೆ ಉಳಿದದ್ದು ಭಜನಾ ಮಂಡಳಿಯ ಒಂದು ಹಳೇ ಹಾರ್ಮೋನಿಯಂ, ಗಾಳಿ ಸೋರುವಂಥದ್ದು. ಗೂನುಬೆನ್ನಿನ ನೆರಳು ಮೆಟ್ಟಿಲು ಹತ್ತುವಾಗ ಒಂದು ಸ್ವರವೂ ಬೇಡ, ತಿದಿ ಮಾತ್ರ ಒತ್ತಿ ಎಂದೆ. ಹಾಸಿಗೆ ಹಿಡಿದ ಮುದುಕನ ಉಸಿರಿನ ಹಾಗೆ ಕೇಳಿಸಿತು. ಮೈಕ್ ಎಲ್ಲಿಟ್ಟಿದ್ದೆ ಎಂದು ಹೇಳುವುದಿಲ್ಲ. ನೆರಳಿನ ಕೈ ಹೆಂಗಸಿನ ಎದೆಯ ಮೇಲೆ ಮುಷ್ಟಿ ಕಟ್ಟಿದಾಗ ತಿದಿ ನಿಂತಿತು. ಒಬ್ಬ ಅಜ್ಜಿ "ಅಯ್ಯೋ" ಅಂದರು, ಮೆಲ್ಲಗೆ. ಅಷ್ಟೇ ಸದ್ದು.

ಆ ದಿನ 140 ಜನ ಇದ್ದರು, ಕುರ್ಚಿ 120. ಪ್ರೊಜೆಕ್ಟರ್ ದುಡ್ಡು ಬಿಟ್ಟು ಲೆಕ್ಕ ಹಾಕಿದರೆ ನಾಲ್ಕು ಸಾವಿರ ಚಿಲ್ಲರೆ ಉಳಿಯಿತು. ಕುರ್ಚಿ ಜೋಡಿಸುವಾಗ ಮಂಟಪದ ಯಜಮಾನರು ಬಂದು, ಮುಂದಿನ ಧನುರ್ಮಾಸಕ್ಕೆ ಬಾಡಿಗೆ ನಾಲ್ಕು ಸಾವಿರ ಅಂದರು.