ಪಿತ್ತ ಅನ್ನೋ ಮುಂಚೆ ಜನರೇಟರ್ ಎಲ್ಲಿದೆ ನೋಡಿ

22 ವರ್ಷದಿಂದ ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಜನರೇಟರ್ ರಿಪೇರಿ ಮಾಡಿಕೊಂಡಿದ್ದೀನಿ. ಮೆಟ್ಟಿಲ ಕೆಳಗೆ, ಗೋಡೌನ್ ಮೂಲೆಯಲ್ಲಿ, ಒಂದು ಕಡೆ ಕಕ್ಕಸಿನಲ್ಲೂ ಪೆಟ್ರೋಲ್ ಜನರೇಟರ್ ಇಟ್ಟಿದ್ದನ್ನು ನೋಡಿದ್ದೀನಿ. "ಶಟರ್ ಅರ್ಧ ಎತ್ತಿದ್ದೀವಲ್ಲ, ಗಾಳಿ ಆಡುತ್ತೆ ಬಿಡಿ" ಅಂತಾರೆ ಅಂಗಡಿಯವರು. ನಾನೂ ಹಾಗೇ ಅಂದುಕೊಂಡಿದ್ದವನೇ.

ಒಂದು ಮಳೆಗಾಲದ ಸಂಜೆ ನಮ್ಮ ಶೆಡ್‌ನಲ್ಲಿ ಎಂಜಿನ್ ಓಡಿಸಿಕೊಂಡು ಕಾರ್ಬುರೇಟರ್ ಟ್ಯೂನ್ ಮಾಡ್ತಿದ್ದೆವು. ಎರಚಲು ಹೊಡೆಯುತ್ತೆ ಅಂತ ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿದ್ದೆ. ಮುಕ್ಕಾಲು ಗಂಟೆ ಆಗಿರಬೇಕು, ಕೆಲಸದ ಹುಡುಗ "ಅಣ್ಣಾ, ತಲೆ ಸಿಡೀತಿದೆ" ಅಂದ. ಮಧ್ಯಾಹ್ನ ಊಟ ಬಿಟ್ಟಿದ್ದ. ಪಿತ್ತ ಇರಬೇಕು, ನಿಂಬೆ ಸೋಡಾ ಕುಡಿದು ಬಾ ಅಂತ ಕಳಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ಸ್ಕ್ರೂಡ್ರೈವರ್ ಸ್ಕ್ರೂ ಮೇಲೆ ಕೂರಲೇ ಇಲ್ಲ. ಮೂರು ಸಲ ಇಟ್ಟೆ, ಮೂರು ಸಲವೂ ಜಾರಿತು. ಕಣ್ಣು ಮಂಜು, ಹೊಟ್ಟೆ ತೊಳಸು. ಅಷ್ಟರಲ್ಲಿ ಹುಡುಗ ಬಂದು ಶಟರ್ ಕೆಳಗೆ ಬಗ್ಗಿ, "ಹೊರಗೆ ನಿಂತರೆ ಹಗುರ ಅನ್ಸುತ್ತೆ ಅಣ್ಣಾ" ಅಂದ. ಆಗ ಹೊಳೀತು, ಇದು ಪಿತ್ತ ಅಲ್ಲ, ಎಂಜಿನ್ ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ.

ಆದ್ದರಿಂದ ಮೊದಲು ಕೇಳಬೇಕಾದ್ದು ಎರಡೇ ಪ್ರಶ್ನೆ. ಪಕ್ಕದವನಿಗೂ ಹೀಗೇ ಆಗ್ತಿದೆಯಾ? ಹೊರಗೆ ಹೋದರೆ ಕಮ್ಮಿ ಆಗುತ್ತಾ? ಒಂದೇ ಕೋಣೆಯ ಇಬ್ಬರಿಗೆ ಒಟ್ಟಿಗೆ ಪಿತ್ತ ಕೆರಳೋದು ಅಪರೂಪ. ಮೂಗನ್ನು ನಂಬಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಮಗೆ ಬರೋ ಪೆಟ್ರೋಲ್ ವಾಸನೆ ಬೇರೆಯದ್ದು. ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಇದ್ದಿಲ ಇಸ್ತ್ರಿ ಪೆಟ್ಟಿಗೆಯಲ್ಲಿ, ಚಳಿಗಾಲದ ರಾತ್ರಿ ವಾಚ್‌ಮನ್ ಕೊಠಡಿಗೆ ತಗೊಂಡು ಹೋಗೋ ಅಗ್ಗಿಷ್ಟಿಕೆಯಲ್ಲಿ ಹುಟ್ಟೋದೂ ಇದೇ.

ಜನರೇಟರ್ ಕಟ್ಟಡದಿಂದ 20 ಅಡಿ ಆಚೆ, ಬಯಲಲ್ಲಿರಬೇಕು. ಸೈಲೆನ್ಸರ್ ಬಾಯಿ ಬಾಗಿಲು, ಕಿಟಕಿ ಕಡೆ ತಿರುಗಿರಬಾರದು. "ಚಿಕ್ಕಪೇಟೆಯಲ್ಲಿ 20 ಅಡಿ ಎಲ್ಲಿಂದ ತರ್ಲಿ?" ಅಂತ ಕೇಳ್ತಾರೆ. ಜಾಗ ಇಲ್ಲದಿದ್ದರೆ ಜನರೇಟರ್ ಬೇಡ, ಇನ್ವರ್ಟರ್ ಹಾಕಿಸಿ. ನನ್ನ ವ್ಯಾಪಾರಕ್ಕೇ ಕಲ್ಲು, ಆದರೂ ಹೇಳ್ತೀನಿ. ಸೈಲೆನ್ಸರ್‌ಗೆ ರಬ್ಬರ್ ಪೈಪ್ ಸಿಕ್ಕಿಸಿ ಕಿಟಕಿಗೆ ಬಿಡೋ ಜಾಣತನ ಬೇಡವೇ ಬೇಡ. ಬಿಸಿಗೆ ಪೈಪ್ ಕರಗುತ್ತೆ, ಜಾಯಿಂಟ್ ಬಿಡುತ್ತೆ.

ಈ ಅನಿಲ ಹೆಚ್ಚಾದರೆ ಕೂಗೋ ಅಲಾರಂ ತಗೊಳ್ಳಿ, ಆದರೆ ಅದರ ಮಿತಿ ತಿಳ್ಕೊಳ್ಳಿ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ 8 ಗಂಟೆ ಕೆಲಸದ ಸರಾಸರಿ ಮಿತಿ 50 ಪಿಪಿಎಂ ಇತ್ತು, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ಈ ಅನಿಲ. ಅಮೆರಿಕದ ಮಾನದಂಡಕ್ಕೆ ಮಾಡಿದ ಮನೆ ಅಲಾರಂ 70 ಪಿಪಿಎಂ ಇದ್ದಾಗ ಕೂಗೋಕೆ 1ರಿಂದ 4 ಗಂಟೆ ತಗೊಳ್ಳುತ್ತೆ. ಅದು ಕೂಗಲಿಲ್ಲ ಅಂತ ತಲೆನೋವು ಇಟ್ಕೊಂಡು ಕೂರಬೇಡಿ. ಡಬ್ಬಿ ಹಿಂದೆ ಸೆನ್ಸರ್ ಮುಗಿಯೋ ತಾರೀಖು ಇರುತ್ತೆ, ಅದನ್ನೂ ನೋಡಿ.

ಒಳಗೆ ಯಾರಾದರೂ ಬಿದ್ದಿದ್ದರೆ ಹಿಂದೆಯೇ ನುಗ್ಗಬೇಡಿ. ಎತ್ತೋಕೆ ಹೋದವನೂ ಪಕ್ಕದಲ್ಲೇ ಬೀಳ್ತಾನೆ. ಹೊರಗಿಂದಲೇ ಶಟರ್ ಪೂರ್ತಿ ಎತ್ತಿ, 108ಕ್ಕೆ ಫೋನ್ ಮಾಡಿ, ಅನಿಲ ಅಂತ ಹೇಳಿ. ಒದ್ದೆ ಟವೆಲ್ಲು, ಕೊರೊನಾ ಮಾಸ್ಕು ಈ ಅನಿಲವನ್ನು ತಡೆಯಲ್ಲ. ಹೊರಗೆ ತಂದ ಮೇಲೆ ಉಸಿರಿಲ್ಲದಿದ್ದರೆ, ಗೊತ್ತಿದ್ದವರು ಎದೆ ಒತ್ತೋದು ಶುರು ಮಾಡಲಿ.

ಆಸ್ಪತ್ರೆಯಲ್ಲಿ "ಜನರೇಟರ್ ಪಕ್ಕ ಇದ್ದರು" ಅಂತ ನೀವೇ ಹೇಳಿ. ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್‌ಗೆ ಈ ಅನಿಲ ಹಿಡಿದ ರಕ್ತಕ್ಕೂ ಒಳ್ಳೆ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ, 98 ಅಂತ ತೋರಿಸಿಬಿಡುತ್ತೆ. ರಕ್ತ ಪರೀಕ್ಷೆಯೇ ಆಗಬೇಕು. ಬರೀ ಗಾಳಿಯಲ್ಲಿ ಕೂತರೆ ರಕ್ತದಲ್ಲಿರೋದು ಅರ್ಧಕ್ಕಿಳಿಯೋಕೆ ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಆಗುತ್ತೆ. ಬಸುರಿ ಹೆಂಗಸು ಆ ಕೋಣೆಯಲ್ಲಿದ್ದರೆ, ಚೆನ್ನಾಗಿದ್ದೀನಿ ಅಂದರೂ ಕರ್ಕೊಂಡು ಹೋಗಿ.

ಅವತ್ತು ನಾವಿಬ್ಬರೂ ಆಸ್ಪತ್ರೆಗೆ ಹೋಗಲಿಲ್ಲ. ಎಂಜಿನ್ ಆರಿಸಿ, ಮಳೆಯಲ್ಲೇ ಒಂದು ಗಂಟೆ ಫುಟ್‌ಪಾತ್ ಮೇಲೆ ಕೂತೆವು. ಹುಡುಗನಿಗೆ ಮಾರನೇ ದಿನ ಮಧ್ಯಾಹ್ನದವರೆಗೂ ತಲೆಭಾರ ಇಳಿದಿರಲಿಲ್ಲ.